ಗಿರಣಿಯ ಗಾರ್ಡ

ಗದಗ ಪ್ಯಾಸೆಂಜರಿನ ಕಡೀ ಡಬ್ಬಿಯಿಂದ
ಹೋಟಗಿ ಟೇಶನ್ನಿನಾಗ ಇಳದು ಬಂದಿ ಅಂತ
ನಿನಗ ಗಾರ್ಡ ಅಂತ ಹೆಸರಿಟ್ಟೆವು.
ಹಸಿರು ನಿಶಾನಿ ಮಾತ್ರ ನೀ ಯಾರಿಗೂ ತೋರಿಸಲಿಲ್ಲ.

ಮೊದಲನೇ ವಾರ, ಪೋಸ್ಟಮನ್ ವಾಘಮಾರೆ.
ಹೆಸರಿನಾಗ ಹುಲಿ ಹೊಡದಂವ
ನಿನ್ನ ಕಂಡು ನಮ್ಮ ಗೋಡಿ ಏರಿ ನಿಂತಿದ್ದ.
ಆಮ್ಯಾಲೆ ಹಾಲಿನ ಹುಡುಗ. ಆಮ್ಯಾಲೆ ಔದುಂಬರ,
ಜ್ವಾಳದ ಡಬ್ಬಿ ಹೊತ್ತು ಬಂದ ಒಂಬತ್ತು ವರ್ಷದ ಪೋರ,
ಎಡಗಾಲ ಮೀನಖಂಡ.

ಗಿರಣಿ ಹಾಕಿ ಹನ್ನೊಂದು ವರ್ಷ ಆಗಿತ್ತು.
ಯಾರ ಹಿಟ್ಟು ಎಷ್ಟು ಸಣ್ಣಾಗಬೇಕು ಗೊತ್ತಿತ್ತು,
ಯಾರ ಮನಿ ಎಲ್ಲಿ ಗೊತ್ತಿರಲಿಲ್ಲ.
ನೀ ಕಡದ ಮ್ಯಾಲೆ ಹೋದೆ,
ಮುಷ್ಟಿಯಾಗ ಬಸ್ಸಿನ ರೊಕ್ಕ, ಬಾಯಾಗ ಮಾತಿಲ್ಲ.
ಔದುಂಬರನ ಅವ್ವ ಮರಾಠಿಯೊಳಗ ಬೈದಳು.
ಬೈದು ಮುಗಿಸಿ, ಕನ್ನಡದಾಗ, ಚಾ ಕುಡೀತಿ ಏನು ಅಂದಳು.
ಐದು ಇಂಜೆಕ್ಷನ್ನು, ಐದು ಸಲ ಸೋಲಾಪುರದ ದವಾಖಾನಿ.
ಐದನೇ ಸಲ ತಿರುಗಿ ಬರೂವಾಗ
ಅಕಿ ನನ್ನ ಹೆಗಲ ಮ್ಯಾಲೆ ನಿದ್ದಿ ಹೋಗಿದ್ದಳು.

ರೊಟ್ಟಿ ಹಾಕಿದರ ಮೂಸತಿರಲಿಲ್ಲ ನೀ.
ನಾ ಬೆನ್ನು ತಿರುವಿದ ಮ್ಯಾಲೆ ತಿಂತಿದ್ದಿ.
ತಿನ್ನೋವರ ಮುಖ ನೋಡಬಾರದು ಅಂತ ಆಗ ತಿಳೀತು.
ಉದ್ರಿ ಬರಿಸೋವರ ಮುಖಾನೂ.

ಇನ್ನೊಂದು ಮಾತು, ಯಾರ ಮುಂದೂ ಆಡಿಲ್ಲ.
ಗಿರಣಿಯ ಪಟ್ಟಾ ಹರದ ದಿನ. ಬ್ಯಾಸಗಿ.
ಕರೆಂಟ್ ಇತ್ತು, ಗಿರಾಕಿ ಇದ್ದರು, ಗಿರಣಿ ನಿಂತಿತ್ತು.
ಸಂಜೀಕ ಒಳಗ ಬಂದವರ ಕೈ ನನ್ನ ಮ್ಯಾಲೆ ಎದ್ದಿತ್ತು
(ಮೊದಲನೇ ಸಲ ಅಲ್ಲ),
ಇಳೀಲಿಲ್ಲ.
ಮಣಿಕಟ್ಟು ನಿನ್ನ ಹಲ್ಲಿನಾಗ ಇತ್ತು.

ನಾಕು ಹೊಲಿಗಿ.
ಯಾರ ನಾಯಿ ಅಂತ ಕಂಪೌಂಡರ ಕೇಳಿದ.
ನಮ್ಮದ, ಅಂದರು.
ಅಲ್ಲೀತನಕ ನೀ ನನ್ನ ನಾಯಿ ಆಗಿದ್ದಿ.

ಆಮ್ಯಾಲೆ ಆ ಕೈ ಏಳಲಿಲ್ಲ.
ನಿನ್ನ ಅಂಜಿಕಿಗೋ ತಮ್ಮ ನಾಚಿಕಿಗೋ
ಕೇಳಿಲ್ಲ. ಕೇಳೂದೂ ಇಲ್ಲ.
ಒಂದು ರಾತ್ರಿ ಎದ್ದು ನೋಡಿದರ
ಕಟ್ಟೀ ಈ ತುದಿಗೆ ನೀ, ಆ ತುದಿಗೆ ಅವರು,
ನಡುವ ಎರಡು ಮೊಳ ಕತ್ತಲಿ,
ಇಬ್ಬರೂ ಸಿಮೆಂಟಿನ ಗೂಡ್ಸ್ ಗಾಡಿ ದಾಟೂದನ್ನ
ಡಬ್ಬಿ ಎಣಿಸಿದ ಹಂಗ ನೋಡಕೋತ ಕುಂತಿದ್ದಿರಿ.
ನಾ ಕೆಮ್ಮಲಿಲ್ಲ.

ತಲಿ ಮುಟ್ಟಗೊಟ್ಟದ್ದು ಕಡೀ ದಿನ.
ದನದ ಡಾಕ್ಟರು ಸೂಜಿ ತುಂಬಿಕೊಳ್ಳುವಾಗ
ನನ್ನ ತೊಡಿಗೆ ಗದ್ದ ಹಚ್ಚಿದಿ.
ಪ್ರೀತಿ ಅಂತ ಹೇಳಲಾರೆ, ಕುತ್ತಿಗ್ಯಾಗ ಬಲಾ ಉಳಿದಿರಲಿಲ್ಲ.
ಬಲಗಿವಿ ಬುಡಕ ಬಟ್ಟು ಹೋತು.
ಸುತ್ತಲೂ ಕೂದಲಿಲ್ಲದ ಒಂದು ಗೆರಿ,
ತಂತಿ ಕಟ್ಟಿದ ಗುರುತು, ಹಳೇದು, ನಮಗಿಂತ ಹಳೇದು.
ಏಳು ವರ್ಷ ನಾವು ಬೈದದ್ದು
ಯಾವದೋ ಊರಿನ ಆ ತಂತಿಗೆ ಮುಟ್ಟಲೇ ಇಲ್ಲ.

ಗಿರಣಿ ಹಿಂದಿನ ಎರಿಮಣ್ಣು ಕಲ್ಲಾಗಿತ್ತು.
ಔದುಂಬರ ಗುದ್ದಲಿ ತಂದ, ಈಗ ಮೀಸಿ ಚಿಗತಾವ.
ಪ್ಯಾಂಟು ಮಡಚಿದಾಗ ಮೀನಖಂಡದ ಕಲೆ ಕಂಡಿತು,
ಅದರ ಮ್ಯಾಲೇ ಮಣ್ಣು ಸಿಡೀತಿತ್ತು.
ಹಳೇ ಚಾದರಿನಾಗ ಸುತ್ತಿ ಇಳಿಸುವಾಗ
ಮುಂಗಾಲು ಮಡಚ್ರಿ ಮಾಮಾ, ಹಿಂಗ ಮಲಗತಿದ್ದ, ಅಂದ.
ಕಡಿಸಿಕೊಂಡಂವ ಇಷ್ಟು ನೋಡಿಟ್ಟಿದ್ದ.
ಅವರು ಹೊಲಿಗಿಯ ಕೈಲೇ ಮಡಚಿದರು.

ಇವತ್ತು ಮುಂಜಾನೆ ವಾಘಮಾರೆ ಬಂದಿದ್ದರು,
ಪೆನ್ಶನ್ ಆಗಿ ಎರಡು ವರ್ಷ, ಕೈಯಾಗ ಗೋದಿಯ ಚೀಲ.
ಗೇಟು ಹಾರು ಹೊಡದಿತ್ತು.
ಆದರೂ ಹೊರಗ ನಿಂತು ಕೂಗಿದರು:
ಗಾರ್ಡ ಇದ್ದಾನೇನ್ರಿ?

ಇಲ್ಲ ಅನ್ನಾಕ
ನಮ್ಮಿಬ್ಬರಿಗೂ ಹೊತ್ತು ಹಿಡೀತು.